ನೀಲಮ್ಮನ ಹಸಿರು ಪೆನ್ನು

ನೀಲಮ್ಮ ಶೆಫೀಲ್ಡಿನ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಫಾರ್ಮಸಿಸ್ಟ್. ಡಾಕ್ಟರು ಬರೆದದ್ದನ್ನು ಅನುಮಾನಿಸುವುದೇ ಆಕೆಯ ಕೆಲಸ, ಅದಕ್ಕೇ ಸಂಬಳ. ತಪ್ಪು ಸಿಕ್ಕರೆ ಹಸಿರು ಪೆನ್ನಿನಿಂದ ಒಂದೇ ಗೆರೆ, ಪಕ್ಕದಲ್ಲಿ ಇನಿಷಿಯಲ್, ತಾರೀಖು. ಹಳೆಯದು ಓದಲು ಬರಬೇಕು; ಗೀಚಿ ಮುಚ್ಚುವಂತಿಲ್ಲ. ಈ ಚಾಳಿ ಅದೇ ಊರಿನ ಬ್ರೂಮ್‌ಹಿಲ್ಲಿನಲ್ಲಿದ್ದ ಮನೆಗೂ ಬಂದಿತ್ತು. ಓದದೆ ಸಹಿ ಹಾಕಿದವಳೇ ಅಲ್ಲ. ತಮ್ಮ ಲಗ್ನಪತ್ರಿಕೆಯಲ್ಲೂ ಎರಡು ತಪ್ಪು ಹುಡುಕಿದ್ದಳೆಂದು ಗಂಡ ಶರಣಪ್ಪ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಾನೆ.

ಅಂಥವಳ ಮಗಳು ಅಪೂರ್ವ, ಹದಿನೇಳರ ಹುಡುಗಿ, ಅಂತರರಾಷ್ಟ್ರೀಯ ಹವಾಮಾನ ಮಾತುಕತೆಗೆ ಯುವ ಪ್ರತಿನಿಧಿಗಳಲ್ಲಿ ಒಬ್ಬಳಾಗಿ ಆಯ್ಕೆಯಾದಳು. ಕರೆದೊಯ್ಯುವುದು ಯಾವುದೋ ಸಂಸ್ಥೆ. ಒಪ್ಪಿಗೆಯ ಫಾರ್ಮಿಗೆ ತಂದೆತಾಯಿ ಇಬ್ಬರ ಸಹಿ ಶುಕ್ರವಾರದೊಳಗೆ ಬೇಕು. ಶರಣಪ್ಪ ಚಹಾ ಕುಡಿಯುತ್ತಲೇ ಹಾಕಿಬಿಟ್ಟ.

"ವಿಮಾನ ಪುಕ್ಕಟೆ, ಹೋಟೆಲ್ ಪುಕ್ಕಟೆ. ನಮ್ಮ ಹುಡುಗಿ ಮ್ಯಾಲೆ ಇವರಿಗ್ಯಾಕ ಇಷ್ಟು ಪ್ರೀತಿ?" ಎಂದಳು ನೀಲಮ್ಮ.

"ಎಲ್ಲಾದಕ್ಕೂ ನಿಂದೊಂದು ಸಂಶಯ," ಎಂದ ಶರಣಪ್ಪ.

ಪೋಷಕರ ವಿಡಿಯೋ ಕಾಲ್‌ನಲ್ಲಿ ನೀಲಮ್ಮ ಸಂಸ್ಥೆಯ ಹೆಂಗಸನ್ನು ನೇರವಾಗಿ ಕೇಳಿದಳು: ತೀರ್ಮಾನವಾಗುವ ಕೋಣೆಯೊಳಗೆ ಮಕ್ಕಳು ಕೂರುತ್ತಾರಾ? ಆಕೆ ಹಲ್ಲು ಬಿಟ್ಟು, ಇದೊಂದು ಅದ್ಭುತ ಅನುಭವವಾಗುತ್ತದೆ ಎಂದಳು. ಕೇಳಿದ್ದೊಂದು, ಹೇಳಿದ್ದೊಂದು! ನೀಲಮ್ಮನಿಗೆ ಅಷ್ಟೇ ಸಾಕಾಯಿತು.

ಮಾತುಕತೆಯಲ್ಲಿ ಓದಲು ಮಕ್ಕಳೇ ಒಂದು ಹೇಳಿಕೆ ಬರೆದಿದ್ದರು. ಸಂಸ್ಥೆ ಅದನ್ನು "ಕೊಂಚ ತಿದ್ದಿ" ವಾಪಸು ಕಳಿಸಿತ್ತು. ನೀಲಮ್ಮ ಎರಡೂ ಪ್ರತಿಗಳನ್ನು ಒಂದರ ಮೇಲೊಂದು ಇಟ್ಟು ಅಡುಗೆಮನೆಯ ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಬೆಳಕಿಗೆ ಒಂದು ಸಾಲು ಮಾತ್ರ ಕೂಡಲಿಲ್ಲ. ಮಕ್ಕಳು ಬರೆದದ್ದು, "ತೀರ್ಮಾನವಾಗುವ ಕೋಣೆಯಲ್ಲಿ ನಮಗೂ ಕುರ್ಚಿ ಬೇಕು." ಈಗ ಇದ್ದದ್ದು, "ಯುವಜನರ ಉತ್ಸಾಹವನ್ನು ಸ್ವಾಗತಿಸಬೇಕು."

ಅಪೂರ್ವ ಅದನ್ನು ಗಮನಿಸಿರಲೇ ಇಲ್ಲ. ಎರಡು ಸಲ ಓದಿದಳು, ಮುಖ ಸಣ್ಣದಾಯಿತು. ತನ್ನ ಅನುಮಾನ ನಿಜವಾಯಿತೆಂದು ನೀಲಮ್ಮನಿಗೆ ಒಂದಿಷ್ಟೂ ಖುಷಿಯಾಗಲಿಲ್ಲ.

ಫಾರ್ಮಿನ ಒಂಬತ್ತನೇ ಅಂಶ ಹೇಳುತ್ತಿತ್ತು: ಪ್ರತಿನಿಧಿಯ ಮಾತನ್ನು ಸಂಸ್ಥೆ ಬದಲಿಸಬಹುದು. ಅದರ ಮೇಲೆ ಹಸಿರು ಗೆರೆ ಎಳೆದು, ಇನಿಷಿಯಲ್ ಹಾಕಿ, ಸಹಿ ಮಾಡಿ ಕಳಿಸಿದಳು. ಶುಕ್ರವಾರ ಮಧ್ಯಾಹ್ನ ಉತ್ತರ ಬಂತು. ತಿದ್ದಿದ ಫಾರ್ಮ್ ನಡೆಯುವುದಿಲ್ಲ. ಐದು ಗಂಟೆಯೊಳಗೆ ಹೊಸದು ಬಾರದಿದ್ದರೆ ಜಾಗ ಬೇರೆಯವರಿಗೆ.

ಅಪೂರ್ವ ಹೊಸ ಫಾರ್ಮ್ ಪ್ರಿಂಟ್ ಮಾಡಿ, ಅಪ್ಪನ ಸಹಿ ಹಾಕಿಸಿಕೊಂಡು ಬಂದು ಅಮ್ಮನ ಮುಂದೆ ಇಟ್ಟಳು. ಆಗ ನಾಲ್ಕೂವರೆ.

"ನಿನ್ನ ಫೋಟೋ ಬೇಕು ಅವರಿಗೆ. ಮಾತು ಬ್ಯಾಡ," ಎಂದಳು ನೀಲಮ್ಮ.

"ಐ ನೋ," ಎಂದಳು ಅಪೂರ್ವ. ಸದಾ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಆಮೇಲೆ ತಡವರಿಸುತ್ತಾ ಕನ್ನಡದಲ್ಲೇ ಹೇಳಿದಳು: "ಅವ್ವಾ, ನೀ ವಾರ್ಡಿಗೆ ಹೋಗಲಿಲ್ಲ ಅಂದ್ರ ಡಾಕ್ಟರ್ ಮಿಸ್ಟೇಕ್ ಯಾರು ಹಿಡಿತಾರ? ನಾ ಅಲ್ಲಿ ಎರಡೂ ಸಾಲು ಓದ್ತೀನಿ. ನಮ್ದೂ, ಅವರದೂ."

ನೀಲಮ್ಮನಿಗೆ ಆ ಸಂಸ್ಥೆಯ ಮೇಲೆ ಅನುಮಾನ, ಆ ಸಭೆಯ ಮೇಲೆ ಅನುಮಾನ, ಮೈಕನ್ನು ನಡುವೆಯೇ ಕಿತ್ತುಕೊಂಡಾರು ಎಂಬ ಅನುಮಾನ. ಎದುರಿಗೆ ನಿಂತ ಹುಡುಗಿಯ ಮೇಲೆ ಏನಾದರೂ ಅನುಮಾನ ಇದೆಯೇ ಎಂದು ಹುಡುಕಿದಳು, ಸಿಗಲಿಲ್ಲ.

"ಕರಿ ಪೆನ್ನು ತಗೊಂಬಾ," ಎಂದಳು. ತನ್ನ ಹಸಿರು ಪೆನ್ನನ್ನು ಮಗಳ ಜಾಕೆಟ್ಟಿನ ಜೇಬಿಗೆ ಸಿಕ್ಕಿಸಿದಳು. "ಗೀಚಬ್ಯಾಡ. ಒಂದ ಗೆರಿ ಎಳಿ. ಮೊದಲ ಏನಿತ್ತು ಅಂತ ಎಲ್ಲಾರಿಗೂ ಕಾಣಬೇಕು."

ಆಮೇಲೆ ಸೀದಾ ಕೊನೆಯ ಪುಟಕ್ಕೆ ತಿರುವಿ, ಓದದೆ ಸಹಿ ಹಾಕಿದಳು.