ಬಗಲಿನ ಅಳತೆ

ನೆಟ್ಟಗೆ ನಿಂತರೆ ನಮ್ಮ ಕಾಕಾನ ಬೆರಳು ಹೆಚ್ಚುಕಡಿಮೆ ಮೊಣಕಾಲು ಮುಟ್ಟುತ್ತಿತ್ತು. ಕೈ ಅಷ್ಟು ಉದ್ದ, ಕಾಲು ಅಷ್ಟೇ ಗಿಡ್ಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಷ್ಟು ವರ್ಷ ನನ್ನ ತಲೆ ತಿಂದದ್ದು ಈ ಕೈಕಾಲುಗಳೇ.

ಅಪ್ಪನ ತಮ್ಮ ಅವನು. ಆಳಂದದ ತೊಗರಿ ಅಡತಿ ಅಂಗಡಿಯಲ್ಲಿ ಕೆಲಸ, ರಾಡ್ ಬ್ರೇಕಿನ ಹಳೇ ಸೈಕಲ್ಲುಗಳ ಹುಚ್ಚು. ಅಫಜಲಪುರದ ಕಡೆ ಯಾರದೋ ಕೊಟ್ಟಿಗೆಯಲ್ಲಿ ಒಂದು ತುಕ್ಕು ಹಿಡಿದು ನಿಂತಿದೆ ಎಂದರೆ ಊಟ ಬಿಟ್ಟು ಓಡುತ್ತಿದ್ದ. ಕೊಳ್ಳುವ ಮುಂಚೆ ಒಂದೇ ಪರೀಕ್ಷೆ: ಸೀಟನ್ನು ಬಗಲಿಗೆ ಸಿಕ್ಕಿಸಿ ಕೈ ಇಳಿಬಿಡುವುದು. ಬೆರಳ ತುದಿ ಪೆಡಲಿನ ಅಚ್ಚಿಗೆ ತಾಗಿದರೆ ಸೈಕಲ್ ಸರಿಯಾದ ಅಳತೆಯದು. ಬೇರೆಯವರಿಗೆ ಅದು ನಡೆದೀತು. ಇವನ ಕೈಗೆ ಪ್ರತಿ ಸಲವೂ ಇಪ್ಪತ್ನಾಲ್ಕು ಇಂಚಿನ ಫ್ರೇಮೇ ಹೊಂದುತ್ತಿತ್ತು. ಕಾಲಿಗೆ ಇಪ್ಪತ್ತು ಇಂಚಿನದೇ ಹೆಚ್ಚು.

ಹೀಗಾಗಿ ಹತ್ತಲು ಒಂದು ಕಟ್ಟೆ ಬೇಕು, ಇಳಿಯಲು ಇನ್ನೊಂದು. ಕಟ್ಟೆ ಇಲ್ಲದ ಕಡೆ ಯಾರಾದರೂ ಮಾತಾಡಿಸಿದರೆ ಅವರ ಸುತ್ತ ಸುತ್ತುತ್ತಲೇ ಉತ್ತರ ಕೊಡುತ್ತಿದ್ದ. ಒಮ್ಮೆ ಬಸ್ ಸ್ಟ್ಯಾಂಡಿನ ಎದುರು ಎಮ್ಮೆ ಅಡ್ಡ ಬಂತು. ಬ್ರೇಕ್ ಹಿಡಿದ, ಕಾಲು ನೆಲಕ್ಕೆ ಸಿಗದೆ ಉರುಳಿದ. ಇನ್ನೊಮ್ಮೆ ಬಿದ್ದರೆ ಸೊಂಟ ಉಳಿಯುವುದಿಲ್ಲ ಎಂದರು ಡಾಕ್ಟರು. ನನಗೆ ಸೈಕಲ್ ಕಲಿಸುವಾಗ ಆ ಗಿಡ್ಡ ಕಾಲಲ್ಲೇ ಕ್ಯಾರಿಯರ್ ಹಿಡಿದು ಹಿಂದೆ ಓಡಿದವನು ಅವನು. ಹೆದರಿಕೆಯಾಯಿತು. ಮುಂದಿನ ಸೈಕಲ್ಲು ನಾನೇ ನೋಡುತ್ತೇನೆ ಎಂದು ಹಟ ಹಿಡಿದೆ.

ಅಂದೋಲಾದ ಒಬ್ಬರ ಮನೆಯಲ್ಲಿ ಎರಡಿದ್ದವು, ಒಂದು ಎತ್ತರದ್ದು, ಒಂದು ಗಿಡ್ಡ. ಕಾಕಾ ಎತ್ತರದ್ದನ್ನೇ ಬಗಲಿಗೆ ಹಾಕಿದ.

“ಬಗಲು ಬಿಡು ಕಾಕಾ. ಸೀಟಿನ ಮುಂದಿನ ದಂಡದ ಎರಡೂ ಕಡಿ ಕಾಲ್ ಹಾಕಿ ನಿಂದ್ರು. ಅಂಗಾಲು ಪೂರಾ ನೆಲಕ್ಕ ಹತ್ತಿ, ದಂಡದ ಮ್ಯಾಲ ಎರಡು ಬೆರಳ ಸಂದು ಉಳೀಬೇಕು,” ಎಂದೆ.

ನಿಂತ. ತುದಿಗಾಲಲ್ಲಿ, ಮುಖ ಕಿವುಚಿಕೊಂಡು.

“ಸರೀನ ಅದ ಅಲ್ಲಾ?” ಎಂದ.

“ಏನ್ ಸರಿ ಅದ? ಹಿಮ್ಮಡ ಗಾಳ್ಯಾಗ ಅವ.”

“ಸೀಟಿನ ಮ್ಯಾಲ ಕುಂತವಗ ನೆಲ ಯಾಕ ಬೇಕಬೇ?”

ಮನೆಯ ಯಜಮಾನರು ಮೆಲ್ಲಗೆ, “ಸಣ್ಣದ ಒಯ್ರಿ, ಅಕ್ಕಾರು ಖರೇ ಹೇಳಾಕತ್ತಾರ,” ಎಂದರು.

“ಸಣ್ಣದ್ರಾಗ ನನ್ನ ಕೈ ಎಲ್ಲಿಡ್ಲಿ?” ಎಂದು ಕಾಕಾ ಅವರಿಗೇ ತಿರುಗಿಬಿದ್ದ.

ಎತ್ತರದ್ದೇ ಮನೆಗೆ ಬಂತು. ಟಂಟಂ ಆಟೋದಲ್ಲಿ ನಾನು ಸಿಟ್ಟಿನಿಂದ ಮುಂದೆ ಹೋಗಿ ಕೂತೆ. ಅವನು ಹಿಂದೆ ಸೈಕಲ್ ಹಿಡಿದು ಕೂತು ದಾರಿಯುದ್ದಕ್ಕೂ ಬೆಲ್ ಬಾರಿಸುತ್ತಲೇ ಇದ್ದ.

ಕೊನೆಗೆ ಬಿದ್ದು ಸತ್ತನೇ? ಇಲ್ಲ. ಹೋದ ವರ್ಷ ಸಣ್ಣ ಜ್ವರ ಬಂದು, ಮಲಗಿದಲ್ಲೇ ಹೋದ. ಸೈಕಲ್ಲಿನಿಂದ ಬಿದ್ದಿದ್ದರೆ ‘ಹೇಳಿದ್ದೆನಲ್ಲ’ ಎಂದು ಬೈದುಕೊಂಡಾದರೂ ಅಳಬಹುದಿತ್ತು. ಅದಕ್ಕೂ ಅವಕಾಶ ಕೊಡಲಿಲ್ಲ ಪುಣ್ಯಾತ್ಮ.

ಸೈಕಲ್ ಮಾರಿಬಿಡೋಣ ಎಂದವಳು ನಾನೇ. ಘತ್ತರಗಿಯಿಂದ ಬಂದವರೊಬ್ಬರು ಸೀಟನ್ನು ಬಗಲಿಗೆ ಹಾಕಿದರು. ನಾನು ಕಾಲು ಹಾಕಿಸಿ ನಿಲ್ಲಿಸಿದೆ. ತುದಿಗಾಲು. “ಬೀಳ್ತೀರಿ, ಬ್ಯಾಡ್ರಿ,” ಎಂದು ಕಳಿಸಿದೆ. ಮೊನ್ನೆ ಜೇವರ್ಗಿಯಿಂದ ಎತ್ತರದ ಮಾಸ್ತರರೊಬ್ಬರು ಬಂದರು. ಕೇಳುವ ಮುಂಚೆಯೇ ಕಾಲು ಹಾಕಿ ನಿಂತರು. ಅಂಗಾಲು ಪೂರ್ತಿ ನೆಲಕ್ಕೆ, ಮೇಲೆ ಸರಿಯಾಗಿ ಎರಡು ಬೆರಳ ಸಂದು. ನಾನು ಬಾಯಿ ನೋಯುವಷ್ಟು ಹೇಳಿದ್ದು ಇದನ್ನೇ.

“ಬರೋಬರಿ ಅದಲ್ರಿ, ಅಕ್ಕಾರ?” ಎಂದರು.

“ಇಲ್ರಿ,” ಎಂದೆ. “ನಿಮಗ ಆಗೂದಿಲ್ಲ.”