ಒಲೆ ಬಾಗಿಲು ಬಂದ ದಾರಿ

ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಆಂಬ್ರೋಸ್ ಪೆನ್ನಿ, ಬಂದರಿನಲ್ಲಿ ಅಧಿಕಾರಿಯಾಗಿದ್ದವನು. ನಿವೃತ್ತನಾದ ಮೇಲೂ, ಅಡುಗೆಮನೆಗೆ ಬರುವ ಬೆಕ್ಕು ಸಹ ತನ್ನ ಅಪ್ಪಣೆ ಕೇಳಬೇಕೆಂದು ಬಯಸುತ್ತಿದ್ದ. ಈಗ ಅವನ ಅಮ್ಮನ ಕಾಲದ ಸೌದೆ ಒಲೆಯ ಕಬ್ಬಿಣದ ಬಾಗಿಲು ಬಿರುಕು ಬಿಟ್ಟಿತ್ತು. ಅಂಥದೇ ಬಾಗಿಲನ್ನು ಕಡಲಾಚೆಯ ಹ್ಯಾಲಿಫ್ಯಾಕ್ಸ್ ನಗರದ ಹೆಂಗಸೊಬ್ಬಳು ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟಿದ್ದಳು. ಬೆಲೆ ಇಪ್ಪತ್ತು ಡಾಲರ್, ಕಳಿಸುವ ಖರ್ಚು ನೂರಹತ್ತು! ಚಳಿಗಾಲದೊಳಗೆ ಬಾಗಿಲು ಸಿಗದಿದ್ದರೆ ಅಮ್ಮನ ಒಲೆ ಗುಜರಿಗೇ ಹೋಗಬೇಕು.

"ಹಗಲುದರೋಡೆ ಕಣೇ ಇದು! ಮಾಜಿ ಬಂದರು ಅಧಿಕಾರಿ ಅಂತ ಸಹಿ ಹಾಕಿ ದೂರು ಬರೀತೀನಿ," ಎಂದು ಕನ್ನಡಕ ಏರಿಸಿದ.

"ಬರಿ ಮಾರಾಯ, ನಿನ್ನ ಸಹಿಗೆ ಹೆದರಿ ಕಬ್ಬಿಣ ಹಗುರಾಗತ್ತೆ," ಎಂದು ಹೆಂಡತಿ ಫಿಲೊಮಿನಾ ಫೋನು ಕಸಿದುಕೊಂಡಳು. ಹೊಸಬರು ಯಾರೇ ಎದುರಾದರೂ ಊರಿನಲ್ಲಿ ಮೊದಲು ಕೇಳುವುದನ್ನೇ ಆ ಹೆಂಗಸಿಗೂ ಬರೆದಳು: "ನೀನು ಯಾರ ಮಗಳಮ್ಮಾ?"

ತಕ್ಷಣ ಉತ್ತರ ಬಂತು: "ಬರ್ಟ್ ಹಿಸ್ಕಾಕ್ ಮಗಳು. ಅದು ಅಂಚೆಯವರು ಹೇಳಿದ ಖರ್ಚು ಆಂಟೀ, ನಂಗೊಂದು ಕಾಸೂ ಉಳಿಯಲ್ಲ."

ಹಿಂದೆ ಇದೇ ಊರು ಬಿಟ್ಟು ಹ್ಯಾಲಿಫ್ಯಾಕ್ಸ್ ಸೇರಿದ್ದ ಬರ್ಟನ ತಮ್ಮ ಸೈರಸ್ ಪಕ್ಕದ ಮನೆಯವನೇ! ಅಣ್ಣನನ್ನು ನೋಡಲು ಆ ವಾರವೇ ಹೊರಟಿದ್ದ. ಅಣ್ಣನಿಗೆಂದು ಉಪ್ಪುಮೀನು ಹೊತ್ತು ಹಡಗು ಹತ್ತಿದ ಅವನ ವ್ಯಾನು, ಮರಳಿ ಬರುವಾಗ ಒಲೆಯ ಬಾಗಿಲು ಹೊತ್ತು ಹಡಗಿಳಿಯಿತು.

ಒಲೆಯಲ್ಲಿ ಬ್ರೆಡ್ ಬೆಂದ ವಾಸನೆಗೆ ಸೈರಸ್ ಬಂದಾಗ ಆಂಬ್ರೋಸ್ ಗಂಭೀರವಾಗಿ ಹೇಳಿದ: "ನಾನು ದೂರು ಬರೆಯೋಕೆ ಕೂತಿದ್ದಕ್ಕೇ ಕಣೋ ಎಲ್ಲ ದಾರಿಗೆ ಬಂದಿದ್ದು."

ಫಿಲೊಮಿನಾ ಅರ್ಧ ಬ್ರೆಡ್ ಮುರಿದು ಸೈರಸನ ತಟ್ಟೆಗೆ ಹಾಕಿದಳು. "ತಗೋಪ್ಪಾ, ಕಳಿಸೋ ಖರ್ಚು."

ಆಂಬ್ರೋಸ್ ಬೆಣ್ಣೆಯನ್ನೂ ಅವನತ್ತ ಸರಿಸಿದ.