ಇದನ್ನೇ ಹಾಕ್ಬುಡಿ

ಕಲಿಯುವ ಮನಸ್ಸಿಲ್ಲದವರಿಗೆ ‘ಸ್ವಯಂ ಕಲಿಕೆ’ ಎಂದು ಹೆಸರಿಟ್ಟು ಲಿಂಕ್ ಕಳಿಸಿದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಿರೂಪಾಕ್ಷಿಪುರದ ಕಡೆಯ ನಮ್ಮ ಶಾಲೆಯಲ್ಲಿ ಐದನೇ ತರಗತಿಯವರೆಗೆ ಮಾತ್ರ. ಪಾಠ ಮಾಡುವವರು ನಾವಿಬ್ಬರೇ, ನಾನು ಮತ್ತು ಹೆಡ್‌ಮಾಸ್ಟರು.

ಇಲಾಖೆಯವರು ಶಿಕ್ಷಕರಿಗೆ ಕಳಿಸುವ ಆ ಲಿಂಕ್ ಒತ್ತಿದರೆ ಫೋನಿನಲ್ಲಿ ತರಬೇತಿಯ ಕೋರ್ಸು ತೆರೆದುಕೊಳ್ಳುತ್ತದೆ. ಒಂದು ವಿಡಿಯೋ, ಆಮೇಲೆ ಚಿತ್ರಗಳನ್ನು ಬೆರಳಲ್ಲಿ ಎಳೆದು ಜೋಡಿಸುವ ಆಟ, ಒಂದಷ್ಟು ಪ್ರಶ್ನೆ, ಕೊನೆಗೆ ‘ನಿಮ್ಮ ಅನುಭವ ಹಂಚಿಕೊಳ್ಳಿ’ ಎನ್ನುವ ಖಾಲಿ ಜಾಗ. ಅಲ್ಲಿ ಬರೆದದ್ದು ಕೋರ್ಸು ಮಾಡುವ ಎಲ್ಲರಿಗೂ ಕಾಣುತ್ತದೆ, ಏನಾದರೂ ಬರೆಯದಿದ್ದರೆ ಮುಂದಿನ ಪುಟ ತೆರೆಯುವುದಿಲ್ಲ. ನಮ್ಮ ಹೆಡ್‌ಮಾಸ್ಟರ ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಅವರು ಬೆಳಿಗ್ಗೆ ವಿಡಿಯೋ ಹಾಕಿ, ಫೋನನ್ನು ಹುಳುವಿನ ತಟ್ಟೆಗೆ ಒರಗಿಸಿ, ಸೊಪ್ಪು ಕೊಯ್ಯಲು ತೋಟಕ್ಕೆ ಹೋಗುತ್ತಿದ್ದರು. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು ಬೇರೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತಾರೆ. ಆ ಹುಳುಗಳಾದರೂ ವಿಡಿಯೋ ಮುಗಿಯುವವರೆಗೆ ಜಾಗ ಬಿಟ್ಟು ಏಳುತ್ತಿರಲಿಲ್ಲ.

ಒಂದು ಸಲ ಬಂದ ಕೋರ್ಸು ಓದಲು ಕಷ್ಟಪಡುವ ಮಕ್ಕಳ ಬಗ್ಗೆ. ನನಗೆ ಅದು ನಿಜಕ್ಕೂ ಬೇಕಾಗಿತ್ತು. ಐದನೇ ತರಗತಿಯ ಒಬ್ಬ ಹುಡುಗಿಗೆ ಒತ್ತಕ್ಷರ ಬರುತ್ತಿರಲಿಲ್ಲ. ಮನೆಯಲ್ಲಿ ‘ಅಕ್ಕ’ ಎಂದು ಕೂಗುವವಳು ಪುಸ್ತಕದಲ್ಲಿ ಅದನ್ನೇ ‘ಅಕ’ ಎಂದು ಓದುತ್ತಿದ್ದಳು. ಕೆಳಗಿನ ಒತ್ತು ಅವಳ ಕಣ್ಣಿಗೇ ಬೀಳುತ್ತಿರಲಿಲ್ಲ. ನನಗೆ ಗೊತ್ತಿದ್ದ ಉಪಾಯಗಳೆಲ್ಲ ಮುಗಿದಿದ್ದವು. ಬೇಸಿಗೆ ರಜೆ ಕಳೆದರೆ ಅವಳು ದೊಡ್ಡ ಶಾಲೆಗೆ ಹೋಗುತ್ತಾಳೆ, ಅಲ್ಲಿ ಅವಳನ್ನು ಕೂರಿಸಿಕೊಂಡು ಒತ್ತು ತೋರಿಸುವವರು ಯಾರೂ ಇರುವುದಿಲ್ಲ. ಹಾಗಾಗಿ ವಿಡಿಯೋವನ್ನು ಪೂರ್ತಿ ನೋಡಿದೆ. ಖಾಲಿ ಜಾಗದಲ್ಲಿ ಇವಳ ವಿಷಯ ಬರೆದು, ಏನು ಮಾಡಲಿ ಎಂದು ಕೇಳಿದೆ.

ಸಂಜೆಯೊಳಗೆ ಅದರ ಕೆಳಗೆ ಉತ್ತರಗಳು ಸಾಲುಗಟ್ಟಿದವು. ಚನ್ನಪಟ್ಟಣ, ಮಾಗಡಿ, ಕನಕಪುರ, ಎಲ್ಲ ಕಡೆಯಿಂದಲೂ ಒಂದೇ ಮಾತು: ‘ಉತ್ತಮ ಮಾಹಿತಿ. ನನ್ನ ತರಗತಿಯಲ್ಲಿ ಅಳವಡಿಸಿಕೊಳ್ಳುತ್ತೇನೆ. ಧನ್ಯವಾದಗಳು. ಮೇಡಂ, ಇದನ್ನೇ ಹಾಕ್ಬುಡಿ.’

ಯಾರೋ ಪುಣ್ಯಾತ್ಮ ಯಾವುದೋ ಮೇಡಮ್ಮಿಗೆ ವಾಟ್ಸಾಪಿನಲ್ಲಿ ಬರೆದುಕೊಟ್ಟಿದ್ದನ್ನು ಅಷ್ಟೂ ಜನ ಕೊನೆಯ ಸಾಲಿನ ಸಮೇತ ಅಂಟಿಸಿದ್ದರು. ಮಕ್ಕಳು ಕಾಪಿ ಹೊಡೆದರೆ ಬೆಂಚಿನ ಮೇಲೆ ನಿಲ್ಲಿಸುವ ಜನ ಇವರು. ನನ್ನ ಹುಡುಗಿಗೆ ಓದು ಬಾರದ್ದನ್ನು ತಮ್ಮ ತರಗತಿಯಲ್ಲಿ ಅಳವಡಿಸಿಕೊಳ್ಳುತ್ತಾರಂತೆ. ಅವರ ಬಗ್ಗೆ ಹೇಸಿಗೆಯಾಯಿತು. ಆ ಸಾಲಿನಲ್ಲಿ ನಮ್ಮ ಹೆಡ್‌ಮಾಸ್ಟರೂ ಇದ್ದರು. ಮಾರನೇ ದಿನ ಕೇಳಿಯೇ ಬಿಟ್ಟೆ.

‘ಸರ್, ನಾನು ಹಾಕಿದ್ದು ಪ್ರಶ್ನೆ. ನೀವು ಧನ್ಯವಾದ ಹೇಳಿದೀರಲ್ಲ?’

‘ಅಲ್ಲಿ ಪ್ರಶ್ನೆ ಬೇರೆ ಕೇಳ್ತಾರಾ ಮೇಡಂ? ಅದ್ನ ಯಾರು ಓದಕ್ ಹೋಯ್ತಾರೆ? ನೀವು ಒಸಿ ಜಾಸ್ತಿನೇ ತಲೆ ಕೆಡುಸ್ಕೋತೀರಿ.’

ಕೋರ್ಸಿನ ಕೊನೆಯಲ್ಲಿ ‘ನಿಮ್ಮ ಸಂದೇಹ ಪರಿಹಾರವಾಯಿತೇ?’ ಎಂದು ಕೇಳಿತು. ‘ಇಲ್ಲ’ ಎಂದು ಒತ್ತಿದೆ. ಮತ್ತೆ ಮೊದಲ ವಿಡಿಯೋಗೇ ಕರೆದುಕೊಂಡು ಹೋಯಿತು. ಪ್ರತಿ ಸಲವೂ ಅಷ್ಟೇ. ನನಗೆ ಪ್ರಮಾಣಪತ್ರ ಬರಲೇ ಇಲ್ಲ. ಹೆಡ್‌ಮಾಸ್ಟರಿಗೆ ಬಂತು. ಚನ್ನಪಟ್ಟಣದಲ್ಲಿ ಗಾಜಿನ ಕಟ್ಟು ಹಾಕಿಸಿ, ಆಫೀಸಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು.

ಒಂದು ಮಧ್ಯಾಹ್ನ ನಾನು ಆಫೀಸಿನಲ್ಲಿದ್ದಾಗ ಆ ಹುಡುಗಿ ಸೀಮೆಸುಣ್ಣಕ್ಕೆ ಬಂದಳು. ಹೊಳೆಯುವ ಗಾಜು ಕಂಡು ನಿಂತಳು. ಯಾರೂ ಹೇಳದೆ ಅವಳು ಓದಲು ಬಾಯಿ ತೆರೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

‘ಪಮಾಣ ಪತ... ಯಶಸಿಯಾಗಿ...’

ಗೋಡೆಯ ಹತ್ತಿರ ಹೋಗಿ ‘ತ್ರ’ದ ಒತ್ತಿನ ಮೇಲೆ ಬೆರಳಿಡಬೇಕೆಂದು ಎದ್ದೆ. ಅಷ್ಟರಲ್ಲಿ, ಮುಂದಿನ ಕೋರ್ಸಿಗೆ ಏನನ್ನೋ ಅಂಟಿಸುತ್ತಿದ್ದ ಹೆಡ್‌ಮಾಸ್ಟರು ಫೋನಿನಿಂದ ತಲೆ ಎತ್ತದೆ ಹೇಳಿದರು:

‘ಬಾಳ ಚೆನ್ನಾಗೋದ್ದೆ ಕಣವ್ವ. ಇಂಗೇ ಓದು.’

ಓದಿದ್ದಕ್ಕೆ ಅವಳನ್ನು ಅದುವರೆಗೆ ಯಾರೂ ಹೊಗಳಿರಲಿಲ್ಲ. ಮುಖ ಅರಳಿಸಿಕೊಂಡು ತರಗತಿಗೆ ಓಡಿದಳು. ನಾನೂ ಹಿಂದೆಯೇ ಹೋದೆ, ಪುಸ್ತಕ ಬಿಡಿಸಿ ‘ಅಕ್ಕ’ದ ಒತ್ತನ್ನು ತೋರಿಸಿದೆ. ಅವಳು ನನ್ನ ಬೆರಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

‘ಹೆಡ್‌ಮಾಷ್ಟ್ರು ಇಂಗೇ ಓದು ಅಂದವ್ರೆ ಮಿಸ್.’